ಅಕ್ಕ ಕಳಿಸಬೇಕಿದ್ದ ಫೋಟೊ

ಪ್ರತಿ ಆಗಸ್ಟ್ ಕೊನೆಗೆ ಎದುರುಮನೆ ಅಕ್ಕನ ಮೂಗಿನ ತುದಿ ಸುಲಿಯುತ್ತಿತ್ತು. ಮೂಗು, ಕೆನ್ನೆ, ಕಿವಿಯ ಅಂಚು ಎಲ್ಲ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಕಪ್ಪು ಕನ್ನಡಕ ಕೂತಿದ್ದ ಕಡೆ ಮಾತ್ರ ಎರಡು ಬಿಳಿ ಗುಂಡುಗಳು ಉಳಿದಿರುತ್ತಿದ್ದವು. ಆ ಹೊತ್ತಿಗೆ ಮುಂಬೈಯ ಮುಲುಂಡ್‌ನಲ್ಲಿ ನಾವೆಲ್ಲ ಒಣಗದ ಬಟ್ಟೆ ಉಟ್ಟುಕೊಂಡು, ಕಾಲ್ಬೆರಳ ಸಂದಿಗೆ ಪೌಡರ್ ಉದುರಿಸಿಕೊಂಡು, ಬಿಸಿಲಿನ ಮುಖ ಕಾಣದೆ ಎಷ್ಟು ದಿನವಾಯಿತು ಎಂದು ಗೊಣಗುತ್ತಿರುತ್ತಿದ್ದೆವು. ಈಕೆ ಬಿಸಿಲಲ್ಲಿ ಬೆಂದ ಮುಖ ಹೊತ್ತು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಬೀಗ ತೆಗೆಯುವ ಮೊದಲು ಮೂಗಿನ ಮೇಲಿನ ಸಿಪ್ಪೆಯೊಂದನ್ನು ಉಗುರಲ್ಲಿ ಕಿತ್ತು ನನಗೆ ತೋರಿಸಿ, "ನೋಡೇ, ಪೊರೆ ಬಿಡ್ತಿದೀನಿ," ಎಂದು ನಗುತ್ತಿದ್ದರು.

ಅಕ್ಕ ಮೈಸೂರಿನವರು. ವಿ.ಟಿ. ಸ್ಟೇಷನ್ನಿನ ರೈಲ್ವೆ ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ. ನಾನು ಕಂಡಾಗ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂಬ ಕುತೂಹಲ ಬಿಲ್ಡಿಂಗ್‌ನವರಿಗಿತ್ತೇ ಹೊರತು ಅವರಿಗೆ ಇದ್ದಂತೆ ಕಾಣಲಿಲ್ಲ. ಕಚೇರಿಯ ಉಳಿದವರು ರೈಲ್ವೆ ಪಾಸಿನಲ್ಲಿ ಕಾಶಿಗೋ ತಿರುಪತಿಗೋ ಹೋಗಿಬಂದರೆ ಅಕ್ಕ ಉತ್ತರಕ್ಕೆ ಹೋಗುತ್ತಿದ್ದರು. ರೈಲು ನಿಲ್ಲುವವರೆಗೆ ರೈಲು, ಬಸ್ಸು ನಿಲ್ಲುವವರೆಗೆ ಬಸ್ಸು, ಅಲ್ಲಿಂದ ಕುದುರೆಯ ಮೇಲೆ ಗಂಟುಮೂಟೆ ಹೇರಿಸಿ ನಡಿಗೆ. ಲಾಹೌಲ್, ಝಂಸ್ಕಾರ್, ಲಡಾಖ್. ಈ ಹೆಸರುಗಳನ್ನೆಲ್ಲ ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ.

ಹೊರಡುವ ಮುಂಚಿನ ವಾರಗಳಲ್ಲಿ ಬೆನ್ನಚೀಲಕ್ಕೆ ರೇಷನ್ ಅಕ್ಕಿ ತುಂಬಿಕೊಂಡು ತಳದಿಂದ ಟೆರೇಸಿನವರೆಗೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಕಾಲಿಗೆ ಅಭ್ಯಾಸವಾಗಲೆಂದು. ಕೆಳಮನೆಯ ಗುಜರಾತಿ ಹೆಂಗಸು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು: "ಬೆಹೆನ್, ಚಾವಲ್ ಊಪರ್ ಲೇ ಜಾನಾ ಹೈ ಕಿ ನೀಚೆ?" ಅಕ್ಕಿ ಮೇಲಕ್ಕೋ ಕೆಳಕ್ಕೋ ಎಂಬ ಆ ಪ್ರಶ್ನೆಗೆ ಅಕ್ಕ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ತಿಪಟೂರಿನಿಂದ ಆ ಬಿಲ್ಡಿಂಗ್‌ಗೆ ಬಂದೆ. ನನ್ನ ಯಜಮಾನರಿಗೆ ಭಾಂಡುಪ್‌ನ ಕಾರ್ಖಾನೆಯಲ್ಲಿ ಕೆಲಸ. ಅವರು ಬೆಳಗ್ಗೆ ಹೋದರೆ ಸಂಜೆಯವರೆಗೆ ನನಗೆ ಮಾತಾಡಲು ಗೋಡೆ. ಮಹಡಿಯ ಮರಾಠಿ ಹೆಂಗಸರು ಎದುರುಮನೆಯವರನ್ನು "ತಾಈ, ತಾಈ" ಎಂದು ಕರೆಯುವುದು ಕೇಳಿ, ಇವರೆಲ್ಲರಿಗೂ ಈಕೆ ತಾಯಿ ಹೇಗಾದರು ಎಂದು ತಲೆ ಕೆಡಿಸಿಕೊಂಡಿದ್ದೆ. ಅಕ್ಕ ಎಂದು ಅರ್ಥ ಎಂದು ಅವರೇ ಹೇಳಿದರು. ಅಂದಿನಿಂದ ನನಗೂ ಅಕ್ಕನೇ.

ನನ್ನನ್ನು ಮೊದಲ ಸಲ ಲೋಕಲ್ ರೈಲು ಹತ್ತಿಸಿದ್ದೂ ಅವರೇ. ಹೆಂಗಸರ ಡಬ್ಬಿಯ ಮುಂದೆ ಗುಂಪು ಕಂಡು ನಾನು ಹಿಂದೆ ಸರಿದೆ. ಅಕ್ಕ ರಟ್ಟೆ ಹಿಡಿದುಕೊಂಡರು.

"ಹತ್ತಕ್ಕೆ ನೀನು ಕಷ್ಟಪಡಬೇಕಾಗಿಲ್ಲ. ಮಧ್ಯದಲ್ಲಿ ನಿಂತ್ಕೊ, ಚೀಲ ಮುಂದಕ್ಕೆ ಹಿಡ್ಕೊ, ಅವ್ರೇ ಹತ್ತಿಸ್ತಾರೆ. ಇಳಿಯೋಕೆ ಮಾತ್ರ ಬಾಯಿ ಬೇಕು. ಕೂಗ್ಬೇಕು."

"ಏನಂತ ಕೂಗ್ಲಿ ಅಕ್ಕ?"

"ಉತರ್ನಾ ಹೈ, ಅಂತ. ತಿಪಟೂರಿನ ಮರ್ಯಾದೆ ಎಲ್ಲ ಇಲ್ಲಿ ನಡೆಯಲ್ಲ."

ದಾದರ್‌ನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಹಿಂದಿನಿಂದ ಅಕ್ಕ ನನ್ನ ಪರವಾಗಿ ಕೂಗಿದ ರಭಸಕ್ಕೆ ಡಬ್ಬಿಯೇ ದಾರಿ ಬಿಟ್ಟಿತು.

ಗಣಪತಿ ಹಬ್ಬದ ಗಲಾಟೆ ಮುಗಿದ ಮೇಲೆ ಅವರ ಮನೆಯಲ್ಲಿ ಸ್ಲೈಡ್ ತೋರಿಸುವ ಸಂಜೆ ಬರುತ್ತಿತ್ತು. ರೀಲುಗಳನ್ನು ತೊಳೆಯಲು ಕಳಿಸಿ ಅವು ಸ್ಲೈಡುಗಳಾಗಿ ಬರುವ ಹೊತ್ತಿಗೆ ಒಂದು ತಿಂಗಳು ಹಿಡಿಯುತ್ತಿತ್ತು. ಅದಕ್ಕೆಂದೇ ಒಂದು ಗೋಡೆಗೆ ಬಿಳಿ ಸುಣ್ಣ ಹೊಡೆಸಿದ್ದರು. ಒಂದೊಂದೇ ಸ್ಲೈಡನ್ನು ಕೈಯಲ್ಲಿ ತಳ್ಳಬೇಕಾದ ಹಳೆಯ ಪ್ರೊಜೆಕ್ಟರ್, ಅದರ ದೀಪ ಕಾಯ್ದಾಗ ಬರುವ ಧೂಳು ಸುಟ್ಟ ವಾಸನೆ, ನೆಲದ ಮೇಲೆ ಬಿಲ್ಡಿಂಗ್‌ನ ಮಕ್ಕಳು ಮರಿ. ಗೋಡೆಯ ತುಂಬ ಒಂದೇ ಒಂದು ಗಿಡವಿಲ್ಲದ ಕಣಿವೆ ತೆರೆದುಕೊಳ್ಳುತ್ತಿತ್ತು. ಸಿಮೆಂಟಿನ ಬಣ್ಣದ ಹೊಳೆ, ಕಂದು ಬೆಟ್ಟ, ಅದರಾಚೆ ಕೆಂಪು ಬೆಟ್ಟ, ಅದರಾಚೆ ಹಿಮ, ಮೇಲೆ ಕಣ್ಣಿಗೆ ಚುಚ್ಚುವ ನೀಲಿ ಆಕಾಶ. ಆ ಅಗಾಧದ ಒಂದು ಮೂಲೆಯಲ್ಲಿ ಇರುವೆಯಷ್ಟು ಕುದುರೆ. ನೋಡುತ್ತ ನೋಡುತ್ತ ನನಗೆ ಹೆದರಿಕೆಯಾಗುತ್ತಿತ್ತು. ಅಷ್ಟೊಂದು ಜಾಗದಲ್ಲಿ ಮನುಷ್ಯರು ಒಬ್ಬರನ್ನೊಬ್ಬರು ಹೇಗೆ ಹುಡುಕಿಕೊಳ್ಳುತ್ತಾರೆ?

ಆದರೆ ಅಕ್ಕನ ಸ್ಲೈಡಿನ ಡಬ್ಬಿಗಳಲ್ಲಿ ಬೆಟ್ಟಕ್ಕಿಂತ ಜನರೇ ಹೆಚ್ಚು. ಹಿಟ್ಟು ಕಲಸುವ ಅಜ್ಜಿ, ಒಂದು ಕಣ್ಣು ಮುಚ್ಚಿ ನಗುವ ಲಾಮಾ, ದಾರ್ಚಾ ಹಳ್ಳಿಯಲ್ಲಿ ಕುದುರೆ ಬಾಡಿಗೆಗೆ ಕೊಡುವ ಮುದುಕ. "ಬೆಟ್ಟ ಎಲ್ಲಿಗೂ ಹೋಗಲ್ಲ ಕಣೇ. ಜನ ಹೋಗ್ಬಿಡ್ತಾರೆ. ಮೊದ್ಲು ಜನರದ್ದು ತೆಗೀಬೇಕು," ಅನ್ನುತ್ತಿದ್ದರು. ತೆಗೆದ ಪ್ರತಿ ಮುಖದ ಒಂದು ಪ್ರಿಂಟ್ ಮಾಡಿಸಿ ಅವರವರಿಗೆ ಕಳಿಸುವುದು ಅವರ ವ್ರತ. ಫೋಟೊ ತೆಗೆದ ಮೇಲೆ ಅದು ಅವರದು, ನಾನು ಬರೀ ಹೊತ್ತು ತಂದವಳು ಎನ್ನುವುದು ಅವರ ವಾದ. ಒಮ್ಮೆ ಯಾರೋ ಬಿಳಿ ಬಟ್ಟೆಯಲ್ಲಿ ಹೊಲಿದು ಒಣಗಿದ ಜರದಾಳು ಹಣ್ಣು ಕಳಿಸಿದ್ದರು. ಗಂಟಿನಲ್ಲಿ ಒಂದು ಸಾಲು ಬರಹವೂ ಇರಲಿಲ್ಲ. ಅಕ್ಕ ಮನೆಮನೆಗೆ ಹಂಚಿ, "ತಲುಪಿದೆ ಅಂತ ಅರ್ಥ," ಎಂದಿದ್ದರು.

ಲಕೋಟೆಯ ಮೇಲೆ ಹಿಂದಿಯಲ್ಲಿ ವಿಳಾಸ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ನನ್ನ ಅಕ್ಷರ ದುಂಡಗಿತ್ತು. ಅಕ್ಕ ಚಹಾ ಸೋಸುತ್ತ ಹೇಳುತ್ತ ಹೋಗುತ್ತಿದ್ದರು, ಇಂಥವರು, ಇಂಥವರ ಮಗ, ಇಂಥ ಹಳ್ಳಿ, ಇಂಥ ಅಂಚೆ ಕಚೇರಿ. ಒಂದೂ ಎಲ್ಲಿಯೂ ಬರೆದುಕೊಂಡದ್ದಲ್ಲ. ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬಾರದೇ ಎಂದು ನಾನು ಕೇಳಿದರೆ, "ಬರೆದಿಟ್ರೆ ಮರೀತೀವಿ ಕಣೇ. ತಲೇಲಿದ್ರೆ ಅವ್ರ ಜೊತೆ ದಿನಾ ಮಾತಾಡ್ದಂಗೆ," ಅನ್ನುತ್ತಿದ್ದರು.

ಅಕ್ಕನ ಕೊನೆಯ ಪ್ರವಾಸ ಎಂಬತ್ತರ ದಶಕ ಮುಗಿಯುವ ಹೊತ್ತಿನದು. ಆ ವರ್ಷ ಅವರು ಜೊತೆಯವರಿಲ್ಲದೆ ಒಬ್ಬರೇ ಹೋಗಿದ್ದರು. ಮರಳಿ ಬಂದಾಗ ಮೂಗು ಎಂದಿನಂತೆ ಸುಲಿದಿತ್ತು, ಮಾತು ಮಾತ್ರ ಕಡಿಮೆಯಾಗಿತ್ತು. "ಸ್ಲೈಡ್ ಬರ್ಲಿ, ಆಮೇಲೆ ಹೇಳ್ತೀನಿ. ಒಂದು ಅರ್ಜೆಂಟಾಗಿ ಕಳಿಸೋದಿದೆ," ಎಂದಷ್ಟೇ ಅಂದರು.

ಸ್ಲೈಡುಗಳು ಬಂದ ವಾರದಲ್ಲೇ ಒಂದು ಬೆಳಗ್ಗೆ ಅವರ ಬಾಗಿಲಲ್ಲಿ ಹಾಲಿನ ಚೀಲ ಹಾಗೇ ಬಿದ್ದಿತ್ತು. ಬೆಲ್ ಒತ್ತಿದೆವು. ಒಳಗಿಂದ ಏನೋ ಉಜ್ಜಿದಂಥ ಸದ್ದು. ಯಜಮಾನರೂ ಮೇಲಿನ ಮಹಡಿಯವರೂ ಸೇರಿ ಚಿಲಕ ಒಡೆದರು. ಅಕ್ಕ ಅಡಿಗೆಮನೆಯ ಹೊಸ್ತಿಲಲ್ಲಿ ಬಿದ್ದಿದ್ದರು, ಎಡಗಾಲಿನಿಂದ ನೆಲ ಉಜ್ಜುತ್ತ. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿ ಬಾಯಿ ತೆರೆದರು. ಏನೂ ಬರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಒಂದೇ ಒಂದು ಉಳಿದಿತ್ತು: "ಚಮಚ." ಅದೇಕೆ ಅದೇ ಉಳಿಯಿತೋ ದೇವರಿಗೇ ಗೊತ್ತು. ಹಸಿವಾದರೆ ಚಮಚ, ಫ್ಯಾನ್ ಬೇಕಾದರೆ ಚಮಚ, ನನ್ನ ಮಗಳು ಬಂದು ಮಡಿಲಲ್ಲಿ ತಲೆಯಿಟ್ಟರೆ ಮುದ್ದಿನಿಂದ ಚಮಚ. ಮೊದಲ ದಿನ ನಾನು ಓಡಿಹೋಗಿ ಚಮಚ ತಂದುಕೊಟ್ಟೆ. ಅಕ್ಕ ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ಗೋಡೆಗೆ ಎಸೆದರು. ಆಮೇಲೆ ಅತ್ತರು. ಒಳಗೆ ಅವರಿಗೆ ಎಲ್ಲ ತಿಳಿಯುತ್ತದೆ, ಹೇಳಬೇಕಾದ ಮಾತು ಸಿಗುವುದಿಲ್ಲ, ಅಷ್ಟೇ ಎಂದು ಡಾಕ್ಟರರು ವಿವರಿಸಿದರು. ಅಷ್ಟೇ ಎಂದರೆ ಎಷ್ಟು ಎಂದು ಅವರನ್ನು ಕೇಳಬೇಕೆನ್ನಿಸಿತು.

ಮೈಸೂರಿನಿಂದ ಅಕ್ಕನ ತಮ್ಮ ಬಂದರು. ಒಳ್ಳೆಯ ಮನುಷ್ಯರು. ಮಗಳ ಮದುವೆ ಗೊತ್ತಾಗಿತ್ತು. "ಈ ಮದುವೆ ಒಂದು ಆಗ್ಹೋಗ್ಲಿ ತಾಯಿ, ಆಮೇಲೆ ನಾನೇ ಬಂದು ಕರ್ಕೊಂಡ್ ಹೋಗ್ತೀನಿ. ಅಲ್ಲೀವರ್ಗೂ..." ಎಂದು ಕೈ ಮುಗಿದರು. ಅಲ್ಲಿಯವರೆಗೆ ಹಗಲು ನೋಡಿಕೊಳ್ಳಲು ಕೆಲಸದ ಹೆಂಗಸೊಬ್ಬಳನ್ನು, ಅಲ್ಲಿನವರ ಮಾತಿನಲ್ಲಿ ಒಬ್ಬ ಬಾಯಿಯನ್ನು, ಗೊತ್ತುಮಾಡಿದೆವು. ಮಧ್ಯಾಹ್ನ ಮಗಳು ಶಾಲೆಯಿಂದ ಬರುವವರೆಗೆ ನಾನಿರುತ್ತಿದ್ದೆ.

ಪರಿಚಯದ ಚಿತ್ರಗಳನ್ನು ತೋರಿಸಿ, ಮಾತು ಮರಳಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಹಾಗಾಗಿ ಮಧ್ಯಾಹ್ನಗಳಲ್ಲಿ ಕಿಟಕಿಗೆ ಚಾದರ ಕಟ್ಟಿ ಹಳೆಯ ಸ್ಲೈಡುಗಳನ್ನು ಹಾಕತೊಡಗಿದೆ. ಅಕ್ಕ ಅವನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ, ಬೂಸಲು ಹಿಡಿಯದಿರಲೆಂದು ಹುರಿದ ಅಕ್ಕಿಯ ಗಂಟುಗಳ ಜೊತೆ ಇಟ್ಟಿದ್ದರು. ಗೋಡೆಯ ಮೇಲೆ ಕಣಿವೆ ತೆರೆದೊಡನೆ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಎಡಗೈ ಎತ್ತಿ ತೋರಿಸಿ, ಹಳೆಯ ರಾಗದಲ್ಲೇ, ಏರಿಸಿ ಇಳಿಸಿ ಕಥೆ ಹೇಳುತ್ತಿದ್ದರು: "ಚಮಚ... ಚಮಚಚಮಚ, ಚಮಚ!"

"ಹೌದು ಅಕ್ಕ, ಇಲ್ಲೇ ಅಲ್ವಾ ಹೊಳೆ ದಾಟೋವಾಗ ಕುದುರೆ ಕೂತುಬಿಟ್ಟಿದ್ದು? ಸಕ್ಕರೆ ಎಲ್ಲ ನೆನೆದು ಪಾನಕ ಆಗಿತ್ತಲ್ವಾ?" ಎಂದು ನಾನು ಅನ್ನುತ್ತಿದ್ದೆ. ಅವರು ಮುಖವೆಲ್ಲ ಅರಳಿಸಿ ತಲೆಯಾಡಿಸುತ್ತಿದ್ದರು. ವರ್ಷ ವರ್ಷ ಕೇಳಿ ನನಗೆ ಅವರ ಕಥೆಗಳೆಲ್ಲ ಬಾಯಿಪಾಠವಾಗಿದ್ದವು. ನಾನು ಹೇಳುವುದು, ಅವರು ಒಪ್ಪುವುದು. ಆ ಮಧ್ಯಾಹ್ನಗಳಲ್ಲಿ ನಮಗೆ ಒಂಥರಾ ಸಂತೋಷವಿತ್ತು ಎಂದರೆ ಸುಳ್ಳಲ್ಲ.

ಆಮೇಲೆ ಕೊನೆಯ ಡಬ್ಬಿಗೆ ಬಂದೆವು. ಆ ವರ್ಷದ್ದು. ಅದರ ಕಥೆ ನಾನು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಗೋಡೆಯ ಮೇಲೆ ಒಂದರ ಹಿಂದೊಂದು ಗುರುತಿಲ್ಲದ ಬೆಟ್ಟಗಳು ಬಂದವು. ಅಕ್ಕ ಹೇಳುತ್ತಲೇ ಇದ್ದರು, ನಾನು ಮುಂದಿನದನ್ನು ತಳ್ಳುತ್ತ ಹೋದೆ.

ಹಾಗೆ ತಳ್ಳಿದಾಗ ಆ ಚಿತ್ರ ಬಂತು. ಮಣ್ಣಿನ ಚಪ್ಪಟೆ ಮಾಳಿಗೆ, ಎಳೆ ಬಿಸಿಲು. ಎರಡು ಮೂರು ರಜಾಯಿಗಳ ಒಳಗೆ ಒಬ್ಬ ಹೆಂಗಸು, ಹಿಂದೆ ಒರಗಲು ಹುಲ್ಲಿನ ಕಟ್ಟು. ಇನ್ನೂ ಚಿಕ್ಕ ಪ್ರಾಯ. ಕೆನ್ನೆ ಒಳಕ್ಕೆ ಹೋಗಿ ಮೂಳೆ ಎದ್ದಿತ್ತು. ಆದರೂ ಕೂದಲು ಬಾಚಿ, ಆ ಕಡೆಯ ಹೆಂಗಸರು ಹಬ್ಬಕ್ಕೆ ತೊಡುವ, ಹಸಿರುನೀಲಿ ಕಲ್ಲು ಹೊಲಿದ ಪಟ್ಟಿಯನ್ನು ತಲೆಯ ಮೇಲೆ ಇಟ್ಟಿದ್ದರು. ಅದರ ಭಾರಕ್ಕೆ ಕುತ್ತಿಗೆ ಸ್ವಲ್ಪ ವಾಲಿತ್ತು. ಪಕ್ಕದಲ್ಲಿ ನನ್ನ ಮಗಳಿಗಿಂತ ಚಿಕ್ಕ ಹೆಣ್ಣು ಮಗು. ಹೆಂಗಸು ಕ್ಯಾಮೆರಾವನ್ನು ನೋಡುತ್ತಿದ್ದಳು, ಮಗು ಹೆಂಗಸನ್ನು ನೋಡುತ್ತಿತ್ತು.

"ಚಮಚ!" ಎಂದು ಅಕ್ಕ ಚೀರಿದರು. ಅವರು ಹಾಗೆ ಚೀರಿದ್ದನ್ನು ನಾನು ಕೇಳಿರಲಿಲ್ಲ. ಚಿತ್ರದತ್ತ ಕೈ, ಬಾಗಿಲತ್ತ ಕೈ, ನನ್ನತ್ತ ಕೈ. ನೀರು ಕೊಟ್ಟೆ, ತಳ್ಳಿದರು. ಬಚ್ಚಲಿಗೆ ಹೋಗಬೇಕೇ ಎಂದು ಬಾಯಿಯನ್ನು ಕರೆದೆ, ಅವಳ ಕೈಯನ್ನೂ ಕೊಡವಿದರು. "ತಾಈ ಲಾ ಕಾಯ್ ಪಾಯಿಜೆ?" ಎಂದು ಬಾಯಿ ನನ್ನನ್ನು ಕೇಳಿದಳು. ಏನು ಬೇಕೆಂದು ನನಗೆ ಗೊತ್ತಿದ್ದರಲ್ಲವೇ ಹೇಳುವುದು?

ಮೂರು ನಾಲ್ಕು ದಿನ ಅದೇ ಆಯಿತು. ಬೇರೆ ಸ್ಲೈಡ್ ಹಾಕಲು ಬಿಡರು. ಕೊನೆಗೆ ಒಂದು ದಿನ ಕುರ್ಚಿಯನ್ನು ಮೇಜಿನ ಹತ್ತಿರ ತಳ್ಳಿಸಿಕೊಂಡು, ಎಡಗೈಯಲ್ಲಿ ಖಾನೆ ಎಳೆದು ಖಾಲಿ ಲಕೋಟೆಯೊಂದನ್ನು ತೆಗೆದರು. ಆ ಸ್ಲೈಡನ್ನು ಅದರ ಮೇಲಿಟ್ಟು, ಲಕೋಟೆಯ ಮೂಲೆಯಲ್ಲಿ ಹೆಬ್ಬೆರಳು ಒತ್ತಿದರು. ಸ್ಟಾಂಪು ಅಂಟಿಸಿದ ಹಾಗೆ.

"ಕಳಿಸ್ಬೇಕಾ ಅಕ್ಕ? ಅರ್ಜೆಂಟಾಗಿ ಕಳಿಸೋದಿದೆ ಅಂದಿದ್ರಲ್ಲ, ಅದು ಇದೇನಾ? ಇವ್ರ ಮನೆಗೆ?"

ಅಕ್ಕ ನನ್ನ ಹೆಗಲಿಗೆ ಹಣೆ ಹಚ್ಚಿ ಅಳತೊಡಗಿದರು. ಸಿಕ್ಕಿತು, ಕೊನೆಗೂ ಸಿಕ್ಕಿತು ಎಂಬ ಅಳು. ನಾನೂ ಅತ್ತೆ. ಅತ್ತು ಮುಗಿಸಿ ಪೆನ್ನು ತೆಗೆದುಕೊಂಡು, ಎಂದಿನ ಅಭ್ಯಾಸದಂತೆ ಕೇಳಿದೆ: "ಹೇಳಿ ಅಕ್ಕ. ಯಾವ ಊರು?"

ಅಕ್ಕ ಬಾಯಿ ತೆರೆದರು. ನಾಲಗೆ ಎದ್ದಿತು, ತುಟಿ ಕೂಡಿತು. ಆ ಊರು, ಆ ಹೆಸರು ಅವರ ಕಣ್ಣಲ್ಲಿ ನಿಂತಿದ್ದು ನನಗೆ ಕಾಣುತ್ತಿತ್ತು.

"ಚಮಚ," ಎಂದರು. ತಾವೇ ಅದನ್ನು ಕೇಳಿಸಿಕೊಂಡರು. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಸ್ಟೇಷನ್ ಎದುರಿನ ಸ್ಟುಡಿಯೊದವನಿಗೆ ಕೊಟ್ಟು ಆರು ಪ್ರಿಂಟ್ ಮಾಡಿಸಿದೆವು. ಅವನು ಚಿತ್ರ ನೋಡಿ, "ಯೇ ಔರತ್ ಬೀಮಾರ್ ಹೈ ಕ್ಯಾ?" ಎಂದು ಮೆಲ್ಲಗೆ ಕೇಳಿದ. ಅವಳ ಕಾಯಿಲೆ ಅವನಿಗೂ ಕಂಡಿತ್ತು. ಭಾನುವಾರ ಯಜಮಾನರು ಅಕ್ಕನ ಗೋಡೆಯ ಮೇಲಿದ್ದ ನಕ್ಷೆಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿ ಬೆರಳು ಇಡಲು ಹೇಳಿದರು. ಎಡಗೈ ಬೆರಳು ಒಂದು ಹೊಳೆಯ ಗುಂಟ ಹೋಗಿ ನಿಂತಿತು. ಸಂಶಯ ಬಂದು ಸಂಜೆ ಮತ್ತೆ ಕೇಳಿದರೆ ಇನ್ನೊಂದು ಹೊಳೆ. ಮರುದಿನ ಮೂರನೆಯದು. ಹೆಸರು ಓದುವುದೇ ವಾಸಿ ಎಂದು ಯಜಮಾನರು ಒಂದೊಂದೇ ಹಳ್ಳಿಯ ಹೆಸರನ್ನು ನಿಧಾನವಾಗಿ ಓದಿದರು. ಪ್ರತಿ ಹೆಸರನ್ನೂ ಅಕ್ಕ ಬಾಯಲ್ಲಿಟ್ಟು ರುಚಿ ನೋಡುವವರಂತೆ ಕೇಳಿ, ಹೌದೆಂದು ತಲೆಯಾಡಿಸಿದರು. ಮುಂದಿನದಕ್ಕೂ ಹೌದು. ಅದರ ಮುಂದಿನದಕ್ಕೂ. ಹತ್ತಾರು ಹೆಸರಾದ ಮೇಲೆ ಅವರಿಗೇ ಗೊತ್ತಾಯಿತು. ನಕ್ಷೆಯ ಮೇಲೆ ಕೈಯಿಟ್ಟು ಮುಚ್ಚಿಬಿಟ್ಟರು.

"ಸಾಕು ಬಿಡಿ," ಅಂದೆ ಯಜಮಾನರಿಗೆ. ಹೌದು, ಅಲ್ಲ ಎನ್ನುವುದು ಕೂಡ ಈ ಕಾಯಿಲೆಯಲ್ಲಿ ಹಿಡಿತಕ್ಕೆ ಸಿಗುವುದಿಲ್ಲವೆಂದು ಡಾಕ್ಟರರು ಆಮೇಲೆ ಹೇಳಿದರು.

ಹಿಂದಿನ ವರ್ಷಗಳಲ್ಲಿ ಅಕ್ಕ ಜೊತೆಗೂಡಿ ಹೋಗುತ್ತಿದ್ದ ಗುಂಪಿನವರನ್ನು ವಿಲೆ ಪಾರ್ಲೆಗೆ ಹೋಗಿ ವಿಚಾರಿಸಿದೆವು. ಅವರಿಗೂ ಗೊತ್ತಿರಲಿಲ್ಲ. ನನಗೆ ಬಾಯಿಪಾಠವಿದ್ದ ಒಂದೇ ವಿಳಾಸ ದಾರ್ಚಾದ ಕುದುರೆಯ ಮುದುಕನದು. ಅವನ ಜೊತೆಯಲ್ಲೇ ಹೋಗಿರಬಹುದು ಎಂದುಕೊಂಡು ಅವನಿಗೆ ಒಂದು ಪ್ರಿಂಟನ್ನೂ ನಮ್ಮ ಕಷ್ಟವನ್ನೂ ಬರೆದು ಕಳಿಸಿದೆ. ಆಗಲೇ ನವೆಂಬರ್. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚುವ ಕಾಲ. ಇನ್ನು ಬೇಸಿಗೆಯವರೆಗೆ ಅಲ್ಲಿಗೆ ಟಪಾಲಿಲ್ಲವೆಂದು ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡಿಸೆಂಬರ್, ಜನವರಿ ಪೂರ್ತಿ ಅವರು ಆ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಮುಂಬೈಯ ಆ ಬೆಚ್ಚಗಿನ ಚಳಿಗಾಲದಲ್ಲಿ, ಚಿತ್ರದ ಮಗುವಿನ ಕಡೆಗೊಮ್ಮೆ, ಹೊರಗಿನ ಬಿಸಿಲಿನ ಕಡೆಗೊಮ್ಮೆ ನೋಡುತ್ತ. ಆ ಹೆಂಗಸು ಇದ್ದಾಳೋ ಇಲ್ಲವೋ ಎಂದು ನಾನು ಯೋಚಿಸುತ್ತಿದ್ದೆ. ಅವರು ಇನ್ನೂ ಏನೇನು ಯೋಚಿಸುತ್ತಿದ್ದರೋ. ಆ ಮನೆಯವರು ಏನು ಕೇಳಿಕೊಂಡಿದ್ದರು, ಅಕ್ಕ ಏನು ಮಾತು ಕೊಟ್ಟಿದ್ದರು, ಅದನ್ನು ಕೇಳುವ ದಾರಿಯೇ ನನಗಿರಲಿಲ್ಲ.

ಏಪ್ರಿಲ್‌ನಲ್ಲಿ ಮಗಳ ಮದುವೆ ಮುಗಿಸಿ ಅಕ್ಕನ ತಮ್ಮ ಕರೆದುಕೊಂಡು ಹೋಗಲು ಬಂದರು. ವಿ.ಟಿ.ಯಲ್ಲಿ ಕಚೇರಿಯವರೆಲ್ಲ ಸೇರಿದ್ದರು. ಅಕ್ಕನನ್ನು ಎತ್ತಿ ರೈಲಿನೊಳಗೆ ಕೂರಿಸಿ, ದಿಂಬು ಸರಿಮಾಡಿ, ಕಿಟಕಿಯ ಹತ್ತಿರ ಬಂದು ನಿಂತೆ. ಅಕ್ಕ ಸರಳುಗಳ ನಡುವೆ ಕೈ ಹಾಕಿ ನನ್ನ ಮಣಿಕಟ್ಟು ಹಿಡಿದುಕೊಂಡು ಏನೋ ಕೇಳುವಂತೆ ನೋಡಿದರು.

"ಕಳಿಸ್ತೀನಿ ಅಕ್ಕ. ಹೇಗಾದ್ರೂ ಮಾಡಿ ಕಳಿಸ್ತೀನಿ."

ಹೇಗೆಂದು ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲವೆಂದು ಅವರಿಗೂ ಗೊತ್ತಿತ್ತು. ಮಣಿಕಟ್ಟು ಬಿಟ್ಟು ನನ್ನ ಕೆನ್ನೆ ತಟ್ಟಿದರು. ಸಮಾಧಾನ ಹೇಳಬೇಕಾದವಳು ನಾನು, ಹೇಳಿದವರು ಅವರು.

ಜೂನ್‌ನಲ್ಲಿ, ನಮ್ಮಲ್ಲಿ ಮಳೆ ಹಿಡಿದ ಮೊದಲ ವಾರದಲ್ಲಿ ಮೈಸೂರಿನಿಂದ ಟೆಲಿಗ್ರಾಂ ಬಂತು. ಮತ್ತೊಮ್ಮೆ ಪಾರ್ಶ್ವವಾಯು ಹೊಡೆದು ಅಕ್ಕ ಹೋಗಿಬಿಟ್ಟಿದ್ದರು.

ದಾರ್ಚಾದಿಂದ ಕಾರ್ಡು ಬಂದಿದ್ದು ಆಗಸ್ಟಿನಲ್ಲಿ. ಮುದುಕ ಯಾರ ಕೈಯಲ್ಲೋ ಹಿಂದಿಯಲ್ಲಿ ಬರೆಸಿದ್ದ. ಹೋದ ವರ್ಷ ಬೀಬೀಜಿ, ಅಂದರೆ ನಮ್ಮ ಅಕ್ಕ, ತನ್ನ ಜೊತೆ ಬಂದಿರಲಿಲ್ಲ, ಬೇರೆ ಕಡೆಯಿಂದ ಯಾರದೋ ಕುದುರೆ ಹಿಡಿದು ಹೋಗಿದ್ದರಂತೆ. ಕಣಿವೆ ದಾಟಿ ಬಂದವರಿಗೆಲ್ಲ ಫೋಟೊ ತೋರಿಸಿದರೆ, ಒಬ್ಬ ಒಂದು ಊರು ಹೇಳಿದನಂತೆ, ಇನ್ನೊಬ್ಬ ಇನ್ನೊಂದು. ನೀವು ಬೀಬೀಜಿಯನ್ನೇ ಸರಿಯಾಗಿ ಕೇಳಿ ಬರೆಯಿರಿ, ಅವರಿಗೆ ಎಲ್ಲ ನೆನಪಿರುತ್ತದೆ ಎಂದಿತ್ತು.

ಅವನಿಗೆ ಸುದ್ದಿ ಬರೆದೆ. ಉಳಿದ ಪ್ರಿಂಟುಗಳನ್ನು ಮುಂದಿನ ಎರಡು ಮೂರು ವರ್ಷ ಆ ಕಡೆ ಹೊರಟವರ ಕೈಯಲ್ಲಿ ಒಂದೊಂದಾಗಿ ಕಳಿಸಿದೆ. ಒಬ್ಬಾತ ವಾಪಸು ತಂದುಕೊಟ್ಟ. ಉಳಿದವರು ಎಲ್ಲೆಲ್ಲೋ ಕೊಟ್ಟು ಬಂದೆವೆಂದರು. ತಲುಪಬೇಕಾದಲ್ಲಿಗೆ ಒಂದಾದರೂ ತಲುಪಿದ್ದರೆ ಯಾರೂ ನನಗೆ ಹೇಳಿಲ್ಲ.

ವಾಪಸು ಬಂದದ್ದು ನನ್ನ ಬೀರುವಿನಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಆ ಮಗು ಈಗ ದೊಡ್ಡವಳಾಗಿರಬೇಕು. ತಾಯಿ ಆ ಕಾಯಿಲೆಯಲ್ಲೇ ಹೋಗಿದ್ದರೆ, ಅಷ್ಟು ಚಿಕ್ಕಂದಿನಲ್ಲಿ ಕಂಡ ಆ ಮುಖ ಅವಳಿಗೆ ನೆನಪಿರುವ ಹಾಗಿಲ್ಲ. ನನಗಿದೆ. ಹಣೆಯ ಮೇಲೆ ಆ ಕಲ್ಲಿನ ಪಟ್ಟಿ ಸ್ವಲ್ಪ ಎಡಕ್ಕೆ ವಾಲಿದೆ. ತುಟಿಯ ಬಲಗಡೆ ಒಂದು ಮಚ್ಚೆಯಿದೆ.